ಹಾಮಿದನ ಮೂರು ಪೈಸೆ

ಸಣ್ಣಕಥೆಗಳ ನಾಯಕರು ಮಾಡುವ ತ್ಯಾಗವನ್ನು ಕುರಿತು ಆಲೋಚಿಸುವಾಗಲೆಲ್ಲ, ಪ್ರಾಣವನ್ನೇ ಪಣವಾಗಿಟ್ಟ ಧೀರರಿಗಿಂತ ಮೊದಲು ನನ್ನ ಮನಸ್ಸಿಗೆ ಬರುವವನು ಪ್ರೇಮಚಂದರ ‘ಈದ್‌ಗಾಹ್’ ಕಥೆಯ ಹಾಮಿದ. ನಾಲ್ಕೈದು ವರ್ಷದ, ತಂದೆತಾಯಿಗಳಿಲ್ಲದ, ಕಾಲಿಗೆ ಜೋಡಿಲ್ಲದ ಬಾಲಕ. ಜೇಬಿನಲ್ಲಿ ಮೂರು ಪೈಸೆಯನ್ನಿಟ್ಟುಕೊಂಡು ಊರ ಹುಡುಗರ ಸಂಗಡ ಈದಿನ ಜಾತ್ರೆಗೆ ನಡೆದುಹೋದ ಅವನು, ಗೆಳೆಯರು ಮಣ್ಣಿನ ಸಿಪಾಯಿಯನ್ನೂ ವಕೀಲನನ್ನೂ ಕೊಂಡು ಮಿಠಾಯಿ ಮೆಲ್ಲುವುದನ್ನು ನೋಡುತ್ತ ನಿಂತು, ಕಡೆಗೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಒಂದು ಇಕ್ಕಳವನ್ನು ಕಾಣುತ್ತಾನೆ. ಅಂಗಡಿಯವನು ಹೇಳಿದ ಬೆಲೆ ಆರು ಪೈಸೆ, ಇಳಿಸಿದ್ದು ಐದಕ್ಕೆ. ಎದೆ ಗಟ್ಟಿಮಾಡಿಕೊಂಡು ಮೂರಕ್ಕೆ ಕೇಳಿ, ಬೈಗುಳ ಕಿವಿಗೆ ಬಿದ್ದೀತೆಂದು ಮುಂದೆ ಸಾಗಿದವನನ್ನು ಅಂಗಡಿಯವನೇ ಕರೆದು ಕೊಡುತ್ತಾನೆ.

ಈ ಕಾರ್ಯಕ್ಕೆ ಪ್ರೇರಣೆ ಯಾವುದು? ಅಜ್ಜಿ ಅಮೀನಾ ಕಾವಲಿಯಿಂದ ರೊಟ್ಟಿ ತೆಗೆಯುವಾಗ ಬೆರಳು ಸುಟ್ಟುಕೊಳ್ಳುವುದನ್ನು ಅವನು ಕಂಡಿದ್ದ. ಜಾತ್ರೆಯ ಕೋಲಾಹಲದ ನಡುವೆಯೂ ಅದು ಅವನಿಗೆ ಮರೆಯಲಿಲ್ಲ, ಅಷ್ಟೆ.

ಪ್ರೇಮಚಂದರು ಈ ಮಗುವನ್ನು ಋಷಿಯನ್ನಾಗಿಸಲಿಲ್ಲವೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಬೊಂಬೆಗಳನ್ನು ಒಮ್ಮೆಯಾದರೂ ಮುಟ್ಟಬೇಕೆಂದು ಅವನ ಕೈ ತಾನಾಗಿಯೇ ಚಾಚುತ್ತದೆ. ಮಿಠಾಯಿ ತಿಂದವರ ಮೈಮೇಲೆ ಕುರುವೇಳುವುದೆಂದು ಅವನು ಒಳಗೊಳಗೇ ಮುನಿಯುತ್ತಾನೆ. ಅಜ್ಜಿಯು ನೆರೆಯ ಹೆಂಗಸರಿಗೆ ಇಕ್ಕಳವನ್ನು ತೋರಿಸಿ ತನ್ನನ್ನು ಹೊಗಳುವಳೆಂಬ ಆಸೆಯೂ ಅವನಿಗುಂಟು. ಇಂಥ ಆಸೆ ಬೆರೆತ ಮಾತ್ರಕ್ಕೆ ತ್ಯಾಗವು ಮಲಿನವಾಯಿತೆನ್ನುವ ಪಂಡಿತರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಬೇಕೆಂಬ ಹಂಬಲವೇ ಬತ್ತಿದವನು ಬಿಟ್ಟುಕೊಡುವುದಕ್ಕೆ ಏನು ತಾನೇ ಇರುತ್ತದೆ? ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಮುಂದೆ 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು, ಸಂಸಾರದ ಹೊಣೆಯಿದ್ದೂ ಸರಕಾರಿ ನೌಕರಿಯನ್ನು ತೊರೆದ ಪ್ರೇಮಚಂದರಿಗೆ ಈ ವಿಷಯವನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಹೊತ್ತೇರಿದರೂ ಏನೊಂದನ್ನೂ ತಿನ್ನದೆ ಕುಡಿಯದೆ ಇಕ್ಕಳ ಹಿಡಿದು ಬಂದ ಮೊಮ್ಮಗನನ್ನು ಅಮೀನಾ ಮೊದಲು ಗದರಿಸುತ್ತಾಳೆ. ಕಾರಣ ಕೇಳಿದ ಮೇಲೆ ಸೆರಗೊಡ್ಡಿ ಅವನಿಗಾಗಿ ಪ್ರಾರ್ಥಿಸುತ್ತ ಅಳುತ್ತಾಳೆ. ಆದರೆ ಶ್ರೋತೃಗಳೇ, ಈ ಕಣ್ಣೀರಿನ ಭರದಲ್ಲಿ ಕಥೆಯ ಆರಂಭದ ಒಂದು ಲೆಕ್ಕವನ್ನು ನಾವು ಮರೆಯಬಾರದು. ಹೊಲಿಗೆಯಿಂದ ಬಂದ ಎಂಟಾಣೆಯನ್ನು ಹಬ್ಬಕ್ಕೆಂದು ಜೋಪಾನವಾಗಿಟ್ಟಿದ್ದ ಅಮೀನಾಳ ಬಳಿ, ಹಾಮಿದನಿಗಾಗಿ ದಿನವೂ ಕೊಳ್ಳುತ್ತಿದ್ದ ಹಾಲಿನ ಬಾಕಿ ತೀರಿಸಿದ ಮೇಲೆ ಉಳಿದದ್ದು ಎರಡಾಣೆ, ಎಂದರೆ ಎಂಟು ಪೈಸೆ. ಹಬ್ಬದ ಖರ್ಚೆಲ್ಲ ಅದರಲ್ಲಿಯೇ ತೂಗಬೇಕಾಗಿದ್ದರೂ ಐದನ್ನು ತನಗಿಟ್ಟುಕೊಂಡು ಮೂರನ್ನು ಮೊಮ್ಮಗನ ಜೇಬಿಗೆ ಹಾಕಿದ್ದಳು. ಹಾಮಿದ ಇಕ್ಕಳಕ್ಕೆ ತೆತ್ತದ್ದು ಆ ಮೂರನ್ನು.