ಉತ್ತರ ಬರೆಯದ ಸರ್ಕಾರ



ಮುಂಬಯಿಯಲ್ಲಿ ವಕೀಲಿ ಮಾಡುತ್ತ ನಾನು ಕಂಡುಕೊಂಡದ್ದಿಷ್ಟು: ಸರ್ಕಾರಕ್ಕೆ ಮೇಲ್ಮನವಿ ಹೂಡುವುದು ಸುಲಭ, ತಪ್ಪೊಪ್ಪಿಕೊಳ್ಳುವುದು ಕಷ್ಟ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಸರ್ಕಾರದ ಮೇಲೆ ದಾವೆ ಹೂಡುವವನು ಸಾಮಾನ್ಯವಾಗಿ ಎರಡು ತಿಂಗಳು ಮೊದಲೇ ನೋಟೀಸು ಕೊಡಬೇಕು. ಅದು ತಪ್ಪು ತಿದ್ದಿಕೊಳ್ಳಲು ಸರ್ಕಾರಕ್ಕೆ ದೊರೆತ ಅವಕಾಶ. ಬಹುಪಾಲು ನೋಟೀಸುಗಳಿಗೆ ಉತ್ತರವೇ ಬರುವುದಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಗಮನಿಸಿತು. ಉತ್ತರಿಸಲು ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು, ಮೌನ ವಹಿಸಿದರೆ ಭಾರಿ ಖರ್ಚು ವಿಧಿಸಬೇಕು, ಅದನ್ನು ತಪ್ಪಿತಸ್ಥನಿಂದಲೇ ವಸೂಲು ಮಾಡಬಹುದು ಎಂದಿತು. ಹಾಗೆ ವಸೂಲಾದುದನ್ನು ನಾನಂತೂ ಕಂಡಿಲ್ಲ.

ನಿವೃತ್ತಿವೇತನ ಸರ್ಕಾರದ ಕೃಪೆಯಲ್ಲ, ನೌಕರನ ಹಕ್ಕು ಎಂದು 1971ರ ದೇವಕೀನಂದನ ಪ್ರಸಾದ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಆದರೂ ನನ್ನ ಕಕ್ಷಿದಾರರೊಬ್ಬರು ಆ ಹಕ್ಕಿಗಾಗಿಯೇ ದಾವೆ ಹೂಡಬೇಕಾಯಿತು; ತೀರ್ಪಿಗೆ ಮುನ್ನವೇ ಅವರು ತೀರಿಕೊಂಡರು. ಅವರ ಪತ್ನಿ ಹಣದ ಮಾತೆತ್ತಲಿಲ್ಲ. "ಆ ನೋಟೀಸಿಗೆ ಇಲ್ಲವೆಂದಾದರೂ ಉತ್ತರ ಬರೆಯಬಾರದಿತ್ತೆ, ವಕೀಲರೆ?" ಎಂದರು.

ಹೊಸ ಕಾನೂನು ಬೇಡ. ಇರುವ ಆದೇಶ ಪಾಲನೆಯಾಗಲಿ. ಪ್ರಜೆಯ ಪತ್ರಕ್ಕೆ ಉತ್ತರಿಸುವುದು ಆಳುವವರ ಮೊದಲ ಕರ್ತವ್ಯ. ಅದನ್ನು ನೆನಪಿಸುವ ಹೊಣೆ ನಮ್ಮಂಥ ಸಂಘಗಳದ್ದೂ ಹೌದು.