ಪರೀಕ್ಷೆಗೆ ಮುಂಚಿನ ಪರೀಕ್ಷೆ
(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಸಾಹಿತ್ಯವನ್ನು ಬಿಟ್ಟು ದಾದಿಯರ ಪರೀಕ್ಷೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ಮುಂಬಯಿಯ ಆಸ್ಪತ್ರೆಗಳಲ್ಲಿ ನಮ್ಮ ಕನ್ನಡದ ಹೆಣ್ಣುಮಕ್ಕಳು ರಾತ್ರಿ ಪಾಳಿ ಮಾಡುತ್ತಿದ್ದಾರೆ. ಅಮೆರಿಕದಲ್ಲಿಯೋ ಕೆನಡದಲ್ಲಿಯೋ ನರ್ಸ್ ಆಗಬೇಕೆಂದು ಹಂಬಲಿಸಿ ಕೆಲವರು ‘ಎನ್‌ಕ್ಲೆಕ್ಸ್’ ಎಂಬ ಲೈಸೆನ್ಸ್ ಪರೀಕ್ಷೆಗೆ ಕೂರುತ್ತಾರೆ. ಅದರ ಹಿಂದೆ ಒಂದು ಮನೆಯ ಉಳಿತಾಯವೋ ಸಾಲವೋ ಇರುತ್ತದೆ. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ಮೊದಲು ನನ್ನ ತಪ್ಪನ್ನೇ ಅರಿಕೆ ಮಾಡಿಕೊಳ್ಳುತ್ತೇನೆ. ನಿವೃತ್ತಳಾದ ಮೇಲೆ ನೆರೆಯ ಹುಡುಗಿಯೊಬ್ಬಳಿಗೆ ಪಾಠ ಹೇಳಿದೆ. ಅಭ್ಯಾಸದ ಪ್ರಶ್ನೆಗಳ ದಪ್ಪ ಪುಸ್ತಕ ಕೊಟ್ಟು, “ಇದನ್ನು ಬಾಯಿಪಾಠ ಮಾಡಮ್ಮ, ಗೆದ್ದೆ” ಎಂದೆ. ಪಾಪ, ಹಾಗೆಯೇ ಮಾಡಿದಳು. ಪರೀಕ್ಷೆ ಮುಗಿಸಿ ಬಂದು, “ಸಿಸ್ಟರ್, ಆ ಪುಸ್ತಕದ ಪ್ರಶ್ನೆ ಒಂದೂ ಬರಲಿಲ್ಲ” ಎಂದಳು. ನಪಾಸಾದಳು. ಮತ್ತೆ ಕೂರಬೇಕಾದರೆ ಕನಿಷ್ಠ 45 ದಿನ ಕಾಯಬೇಕು, ಶುಲ್ಕವನ್ನೂ ಮತ್ತೆ ತೆರಬೇಕು.

ಆಮೇಲೆ ನಾನು ಈ ಪರೀಕ್ಷೆಯ ರೀತಿಯನ್ನು ಸರಿಯಾಗಿ ತಿಳಿದುಕೊಂಡೆ. 1994ರಿಂದ ಇದು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಸರಿಯುತ್ತರ ಕೊಟ್ಟರೆ ಮುಂದಿನದು ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಉತ್ತರಿಸಿ ದಾಟಿದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಕನಿಷ್ಠ 85 ಪ್ರಶ್ನೆ, ಹೆಚ್ಚೆಂದರೆ 150, ಕಾಲ ಐದು ಗಂಟೆ. ಅಭ್ಯರ್ಥಿಯ ಮಟ್ಟ ನಿಶ್ಚಯವಾದೊಡನೆ ಯಂತ್ರವೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಜಾಣೆಗೂ ಅದು ಕಷ್ಟವೆಂದೇ ತೋರುತ್ತದೆ, ಅದಕ್ಕೆ ಎದೆಗುಂದಬಾರದು. 2023ರ ಏಪ್ರಿಲ್‌ನಿಂದ ರೋಗಿಯೊಬ್ಬನ ವೃತ್ತಾಂತ ಕೊಟ್ಟು ಅದರ ಮೇಲೆ ಆರಾರು ಪ್ರಶ್ನೆ ಕೇಳುವ ಕ್ರಮವೂ ಸೇರಿದೆ. ಲಕ್ಷಣ ಗುರುತಿಸುವುದರಿಂದ ಹಿಡಿದು ಚಿಕಿತ್ಸೆಯ ಫಲ ನೋಡುವವರೆಗೆ ಅವಳ ವಿವೇಚನೆಯನ್ನು ಅಲ್ಲಿ ಒರೆಗೆ ಹಚ್ಚುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ವಾರ್ಡಿನಲ್ಲಿ ನಾಲ್ವರು ರೋಗಿಗಳು. ಮೊದಲು ಯಾರ ಬಳಿಗೆ ಹೋಗಬೇಕು? ಒಬ್ಬಳಿಗೆ ನಿನ್ನೆ ಥೈರಾಯ್ಡ್ ಶಸ್ತ್ರಕ್ರಿಯೆ ಆಗಿದೆ, ತುಟಿಯ ಸುತ್ತ ಜುಮುಜುಮು ಎನ್ನುತ್ತಿದೆ ಎನ್ನುತ್ತಾಳೆ. ಇನ್ನೊಬ್ಬನಿಗೆ ಮೊಣಕಾಲು ನೋವು, ಮತ್ತೊಬ್ಬ ಮನೆಗೆ ಹೊರಟಿದ್ದಾನೆ, ನಾಲ್ಕನೆಯವನಿಗೆ ಊಟ ಸೇರುತ್ತಿಲ್ಲ. ಮೊದಲನೆಯವಳ ಬಳಿಗೇ ಓಡಬೇಕು. ಥೈರಾಯ್ಡಿನ ಬೆನ್ನಿಗಿರುವ ಸಣ್ಣ ಗ್ರಂಥಿಗಳಿಗೆ ಪೆಟ್ಟು ಬಿದ್ದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು. ಅದು ಹೆಚ್ಚಿದರೆ ಗಂಟಲು ಸೆಟೆದು ಉಸಿರೇ ಕಟ್ಟಬಹುದು. ಬಾಯಿಪಾಠ ಮಾಡಿದವಳು ‘ಥೈರಾಯ್ಡ್ ಎಂದರೆ ಮೊದಲು’ ಎಂದಿಷ್ಟೇ ನೆನಪಿಡುತ್ತಾಳೆ. ಇನ್ನೊಂದು ದಿನ ಅಂಥದೇ ರೋಗಿಗೆ ಬರಿಯ ಗಂಟಲ ಕೆರೆತವಿದ್ದು, ಪಕ್ಕದಲ್ಲಿ ಸೊಂಟದ ಮೂಳೆ ಮುರಿದವನಿಗೆ ತಟ್ಟನೆ ಏದುಸಿರು ಬಂದರೆ? ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಏರಿರಬಹುದಾದ ಅವನನ್ನು ಬಿಟ್ಟು ಇವಳಲ್ಲಿಗೆ ಹೋಗುತ್ತಾಳೆ. ಪರೀಕ್ಷೆಯಲ್ಲಿ ಹೋಗುವುದು ಒಂದು ಅಂಕ. ವಾರ್ಡಿನಲ್ಲಿ ಹೋಗುವುದು ಒಂದು ಜೀವ.

ಹಾಗಾದರೆ ಅಭ್ಯಾಸದ ಪರೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಕೂಲಿಮಠದ ಅಯ್ಯನವರು ಮಗ್ಗಿಯನ್ನು ಸಾಲಾಗಿ ಒಪ್ಪಿಸಿಕೊಂಡು ಸುಮ್ಮನಾಗುತ್ತಿರಲಿಲ್ಲ, ನಡುವೆ “ಏಳೆಂಟ್ಲ ಎಷ್ಟೋ?” ಎಂದು ಗದರುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಸಾರುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಒಂದು ವಾರದ ಬಳಿಕವಾದರೋ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಮುಂದಿದ್ದರು.

ಈಗ ನಾನು ಹುಡುಗಿಯರಿಗೆ ಹೇಳುವುದು ಇಷ್ಟು. ಓದು ತೊಡಗುವ ಮುನ್ನವೇ ಒಂದು ಅಭ್ಯಾಸದ ಪರೀಕ್ಷೆ ಬರೆದು ಎಲ್ಲಿ ಸೋರುತ್ತಿದೆ ನೋಡಿಕೊಳ್ಳಿ. ದಿನಕ್ಕೆ ಐವತ್ತು ಪ್ರಶ್ನೆ ಸಾಕು. ಉತ್ತರಿಸಿದ್ದಕ್ಕಿಂತ ಹೆಚ್ಚು ಹೊತ್ತನ್ನು ವಿವರಣೆ ಓದಲು ಇಡಿ. ಸರಿಯಾದುದು ಏಕೆ ಸರಿ, ಉಳಿದವು ಏಕೆ ತಪ್ಪು, ಎರಡನ್ನೂ ಹೇಳಬರಬೇಕು. ತಪ್ಪುಗಳಿಗೆ ಒಂದು ನೋಟುಬುಕ್ಕಿರಲಿ: ತಿಳಿಯದೆ ಆದದ್ದು, ಪ್ರಶ್ನೆಯನ್ನು ಸರಿಯಾಗಿ ಓದದೆ ಆದದ್ದು, ತಿಳಿದೂ ತೂಗಿ ನೋಡದೆ ಆದದ್ದು ಎಂದು ಬೇರೆ ಬೇರೆ ಬರೆಯಿರಿ. ವಾರ ಬಿಟ್ಟು ಅದೇ ವಿಷಯದ ಹೊಸ ಪ್ರಶ್ನೆ ಬಿಡಿಸಿ. ಪರೀಕ್ಷೆಗೆ ಮೊದಲು ಒಂದೆರಡು ಸಲವಾದರೂ ಐದು ಗಂಟೆ ಕೂತು ಅಭ್ಯಾಸ ಮಾಡಿ. ‘ನಿಜವಾದ ಪ್ರಶ್ನೆ’ ಎಂದು ಯಾರಾದರೂ ಮಾರಲು ಬಂದರೆ ಹತ್ತಿರ ಸೇರಿಸಬೇಡಿ.

ಇನ್ನೊಂದು ಮಾತು. ಪರೀಕ್ಷೆಯನ್ನು ನೀವು ಬರೆಯುವುದು ಇಂಗ್ಲಿಷಿನಲ್ಲಿ, ಅಭ್ಯಾಸವೂ ಇಂಗ್ಲಿಷಿನಲ್ಲಿಯೇ ಆಗಲಿ. ಆದರೆ ಕಾರಣವನ್ನು ಮಾತ್ರ ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳಿ. ಅಮ್ಮನಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ. ತಡವರಿಸಿದರೆ ಅಲ್ಲಿ ಬಾಯಿಪಾಠ ಅಡಗಿದೆಯೆಂದು ತಿಳಿಯಿರಿ.

ಆ ಹುಡುಗಿ ಹೀಗೆ ಓದಿ ಎರಡನೆಯ ಸಲ ತೇರ್ಗಡೆಯಾದಳು. ಆದರೆ ಅವಳ ತಂದೆ ಎರಡನೆಯ ಶುಲ್ಕಕ್ಕೆ ಮಾಡಿದ ಸಾಲ ನನ್ನ ಲೆಕ್ಕದಲ್ಲಿದೆ. ಅದನ್ನು ತೀರಿಸಲು ಸಂಘದ ಹಿರಿಯರಲ್ಲಿ ಒಂದೇ ಬಿನ್ನಹ: ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಒಂದು ಮೇಜು, ನಾಲ್ಕು ಕುರ್ಚಿ ಕೊಡಿ. ಪ್ರಶ್ನೆ ಕೇಳಲು ನಾನು ಬರುತ್ತೇನೆ. ಕಾರಣ ಹೇಳಲು ನಿಮ್ಮ ಮನೆಯ ಹುಡುಗಿಯರನ್ನು ಕಳಿಸಿಕೊಡಿ.