ರೈತರ ಸಹಾಯಧನ ಮತ್ತು ಊರಿಗೆ ಕಾಣುವ ಲೆಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವವರಿಗೆ ಸರ್ಕಾರದ ಹಣ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಕಣ್ಣಿಗೆ ಬೀಳುವುದೇ ಇಲ್ಲ. 45 ಕಿಲೋ ಯೂರಿಯಾ ಚೀಲಕ್ಕೆ ನಿಗದಿಯಾದ ದರ 266 ರೂಪಾಯಿ 50 ಪೈಸೆ. ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರ ಗೊಬ್ಬರದ ಕಂಪನಿಗೆ ತುಂಬಿಕೊಡುತ್ತದೆ. ಚೀಲ ಸಿಗದವನಿಗೆ ಈ ಸಬ್ಸಿಡಿ ಇದ್ದೂ ಇಲ್ಲದಂತೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಬಲಿಯಾದದ್ದು ಈ ಜಿಲ್ಲೆ ಮರೆಯುವಂಥದ್ದಲ್ಲ.

ಎರಡನೆಯದು ನೇರ ಬ್ಯಾಂಕ್ ಖಾತೆಗೆ ಬೀಳುವ ಹಣ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಬೆಳೆ ಹಾನಿ ಪರಿಹಾರ ಮತ್ತು ಬೆಳೆ ವಿಮೆ ಇದೇ ದಾರಿಯವು. ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರನ್ನೂ ಜೋಡಿಸಿದ ಎಫ್‌ಐಡಿ ಸಂಖ್ಯೆಯೇ ಇದಕ್ಕೆಲ್ಲ ಕೀಲಿ. ನಡುವೆ ಕೈಯಾಡಿಸುವವರು ಇದರಿಂದ ಕಡಿಮೆಯಾದರು, ನಿಜ. ಆದರೆ ತಪ್ಪಾಗುವ ಜಾಗ ಬದಲಾಯಿತು. ಈಗ ತಪ್ಪು ಆಗುವುದು ಹೆಚ್ಚಾಗಿ ಲೆಕ್ಕ ಬರೆಯುವಾಗ.

ಪರಿಹಾರದ ಲೆಕ್ಕವನ್ನೇ ನೋಡಬಹುದು. 2022ರಿಂದ ಜಾರಿಗೆ ಬಂದ ಕೇಂದ್ರದ ಮಾನದಂಡದಂತೆ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಎರಡು ಹೆಕ್ಟೇರಿನ ಮಿತಿ. ಒಣ ಬೇಸಾಯದ ಎಕರೆಗೆ ಇದು ಸುಮಾರು 3,400 ರೂಪಾಯಿ. ಮೂರು ಎಕರೆ ಗೋವಿನಜೋಳ ಒಣಗಿದ್ದು ಒಂದೇ ಎಕರೆ ಎಂದು ದಾಖಲಾದರೆ 6,800 ರೂಪಾಯಿ ಖೋತಾ. ವಿಮೆಯಲ್ಲೂ ಇದೇ ಪಾಡು. ಕಂತು ಕಟ್ಟಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ಇನ್ನೊಂದು ಎಂದಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತನ್ನ ಸರ್ವೆ ನಂಬರಿನಲ್ಲಿ ಯಾವ ಬೆಳೆ ದಾಖಲಾಗಿದೆ ಎಂಬುದನ್ನು ರೈತ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು.

ತನ್ನದಷ್ಟೇ ಅಲ್ಲ, ಊರಿನದೂ ಕಾಣಬೇಕು ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆ. ಸಹಾಯಧನ ಕಾರ್ಯಕ್ರಮ ಹೇಗೆ ನಡೆಯುತ್ತದೆ, ಎಷ್ಟು ಹಣ ಹಂಚಿಕೆಯಾಗಿದೆ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಅದರ 4ನೇ ಕಲಂ ವಿಧಿಸುತ್ತದೆ. ರಾಜ್ಯದ ಪರಿಹಾರ ಜಾಲತಾಣದಲ್ಲಿ ಹಾವೇರಿ ಜಿಲ್ಲೆ, ಬ್ಯಾಡಗಿ ತಾಲ್ಲೂಕು, ಕಾಗಿನೆಲೆ ಹೋಬಳಿ ಎಂದು ಆರಿಸಿ, ಗ್ರಾಮ ಮತ್ತು ವರ್ಷ ಒತ್ತಿದರೆ ಹಣ ಪಡೆದವರ ಪಟ್ಟಿ ತೆರೆಯಲು ವ್ಯವಸ್ಥೆಯಿದೆ. ಯಾರ ಹೊಲ ಎಷ್ಟು, ಬೆಳೆ ಯಾವುದು ಎಂಬುದು ಊರಿನವರಿಗೆ ಗೊತ್ತಿರುವ ಸಂಗತಿ. ಇಂಥ ಪಟ್ಟಿಗೆ ಅವರಿಗಿಂತ ಒಳ್ಳೆಯ ಲೆಕ್ಕಪರಿಶೋಧಕರು ಸಿಗಲಾರರು.

ಹೆಸರು ಬಯಲಾಗುವುದಕ್ಕೆ ವಿರೋಧವೂ ಇದೆ. ಇಬ್ಬರು ಜರ್ಮನ್ ಅರ್ಜಿದಾರರ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2010ರಲ್ಲಿ, ಸಹಾಯಧನ ಪಡೆದ ವ್ಯಕ್ತಿಗಳೆಲ್ಲರ ಹೆಸರನ್ನು ಸಾರಾಸಗಟಾಗಿ ಪ್ರಕಟಿಸುವ ನಿಯಮವನ್ನು ರದ್ದುಪಡಿಸಿತು. 2013ರ ಹೊಸ ನಿಯಮ ಸಣ್ಣ ಮೊತ್ತ ಪಡೆದವರ ಹೆಸರು ಮರೆಮಾಡಿ, ಉಳಿದವರದನ್ನು ಮತ್ತೆ ಬಹಿರಂಗಗೊಳಿಸಿತು. ಭಾರತದಲ್ಲಿ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಖಾಸಗಿತನದ ವಿನಾಯಿತಿಯನ್ನು ಹಿಗ್ಗಿಸಿತು. ಆಧಾರ್ ಮತ್ತು ಖಾತೆ ಸಂಖ್ಯೆ ಮುಚ್ಚಿಡುವುದು ಸರಿಯೇ. ಹೆಸರು, ವಿಸ್ತೀರ್ಣ, ಮೊತ್ತವನ್ನೂ ಮುಚ್ಚಿದರೆ ಪಟ್ಟಿಯಲ್ಲಿ ಪರೀಕ್ಷಿಸಲು ಏನೂ ಉಳಿಯದು.

ಪಡೆದವರ ಪಟ್ಟಿಯಲ್ಲಿ ಬಿಟ್ಟುಹೋದವರು ಸಿಗುವುದಿಲ್ಲ. ಪೌತಿ ಖಾತೆ ಬದಲಾಗದೆ ತೀರಿಹೋದ ತಂದೆಯ ಹೆಸರಿನಲ್ಲೇ ಪಹಣಿ ಉಳಿದವರು, ಲಾವಣಿಗೆ ಹೊಲ ಮಾಡುವವರು ಈ ಗುಂಪಿಗೆ ಸೇರುತ್ತಾರೆ. ಲಾವಣಿದಾರ ಬೀಜ, ಗೊಬ್ಬರಕ್ಕೆ ದುಡ್ಡು ಸುರಿದರೂ ಪರಿಹಾರ ಪಹಣಿದಾರನ ಖಾತೆಗೇ ಹೋಗುತ್ತದೆ. ತಿರಸ್ಕೃತ ಅರ್ಜಿಗಳ ವಿವರ ಮತ್ತು ಕಾರಣವನ್ನು ತಹಶೀಲ್ದಾರ್ ಕಚೇರಿಯಿಂದ ಕೇಳಿ ಪಡೆಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವಿದೆ.